ನೀರು ಬಿಟ್ಟುಹೋದ ಕೋಟೆ

ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಯಾವ ಕೋಟೆಗೆ ಹೋದರೂ ಮೊದಲು ನೀರು ಎಲ್ಲಿದೆ ಅಂತ ನೋಡುತ್ತೇನೆ. ಕೋಟೆ ಅಲ್ಲೇ ಯಾಕೆ ಕಟ್ಟಿದರು ಅನ್ನುವುದು ಹೆಚ್ಚಾಗಿ ಅದರಿಂದಲೇ ತಿಳಿಯುತ್ತದೆ.

ಫಿನ್‌ಲೆಂಡಿನ ದಕ್ಷಿಣದಲ್ಲಿರುವ ರಾಸೆಪೋರಿ ಕೋಟೆಯನ್ನೇ ನೋಡಿ. ಬಂಡೆಯ ಮೇಲೆ ಬೂದು ಕಲ್ಲಿನ ದಪ್ಪ ಗೋಡೆ, ಒಂದು ದುಂಡನೆಯ ಬುರುಜು. ಬುಡದಲ್ಲಿ ಹುಲ್ಲು, ಪಕ್ಕದಲ್ಲಿ ಸಣ್ಣ ಹೊಳೆ. ಇಷ್ಟು ಗಟ್ಟಿ ಕೋಟೆಗೆ ಈ ಹೊಳೆ ಸಾಲದು ಅನ್ನಿಸುತ್ತದೆ, ಅಲ್ವಾ? 1370ರ ದಶಕದಲ್ಲಿ ಸ್ವೀಡನ್ನಿನ ಸರದಾರ ಬೋ ಯೋನ್ಸನ್ ಗ್ರಿಪ್ ಇದನ್ನು ಕಟ್ಟಿಸಿದಾಗ ಫಿನ್‌ಲೆಂಡ್ ಸ್ವೀಡನ್ನಿನ ಕೈಯಲ್ಲಿತ್ತು. ಈ ಬಂಡೆ ಆಗ ಸಮುದ್ರದ ಕೊಲ್ಲಿಯೊಳಗಿನ ದ್ವೀಪ.

ಆಮೇಲೆ ನೆಲವೇ ಮೇಲೆದ್ದಿತು. ಹಿಮಯುಗದಲ್ಲಿ ಈ ನಾಡಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದರ ಭಾರಕ್ಕೆ ನೆಲ ಕುಸಿದಿತ್ತು. ಆಮೇಲೆ ಮಂಜುಗಡ್ಡೆ ಕರಗಿಹೋಯಿತು. ಹತ್ತಿ ಹಾಸಿಗೆ ಮೇಲಿಂದ ನಾವು ಎದ್ದ ಮೇಲೆ ಹತ್ತಿ ನಿಧಾನಕ್ಕೆ ಉಬ್ಬುತ್ತದಲ್ಲ, ಹಾಗೆ ಆ ನೆಲ ಇವತ್ತಿಗೂ ಏಳುತ್ತಿದೆ. ದಕ್ಷಿಣ ಕರಾವಳಿಯಲ್ಲಿ ವರ್ಷಕ್ಕೆ 3-4 ಮಿಲಿಮೀಟರ್. ಕೇಳಲು ಏನೂ ಅಲ್ಲ. ಆದರೆ 600 ವರ್ಷಕ್ಕೆ ಸುಮಾರು 2 ಮೀಟರ್! ಆಳವಿಲ್ಲದ ಕೊಲ್ಲಿಗೆ ಅಷ್ಟು ಸಾಕು. ಹಡಗು ಬರುವುದು ಕಷ್ಟವಾಯಿತು. 1550ರಲ್ಲಿ ಹೊಸ ಬಂದರು ಊರು ಹೆಲ್ಸಿಂಕಿ ಹುಟ್ಟಿತು, ಅದೇ ದಶಕದಲ್ಲಿ ರಾಸೆಪೋರಿ ಖಾಲಿಯಾಯಿತು. 1280ರ ಸುಮಾರಿಗೆ ಶುರುವಾದ ತುರ್ಕು ಕೋಟೆಯೂ ಔರಾ ನದಿ ಸಮುದ್ರ ಸೇರುವಲ್ಲಿ ದ್ವೀಪದ ಮೇಲಿತ್ತು. ಈಗ ಅಲ್ಲಿಗೆ ನಡೆದೇ ಹೋಗಬಹುದು.

ಒಲಾವಿನ್‌ಲಿನ್ನಾ ಕೋಟೆ ಮಾತ್ರ ಇನ್ನೂ ನೀರಿನ ನಡುವೆಯೇ ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ. 1475ರಲ್ಲಿ ಎರಿಕ್ ಆಕ್ಸೆಲ್ಸನ್ ತೋಟ್ ಎಂಬ ಸರದಾರ ಪೂರ್ವದ ಗಡಿ ಕಾಯಲು ಇದನ್ನು ಶುರುಮಾಡಿದ. ಒಳನಾಡಿನ ಸರೋವರಗಳ ಸೀಮೆ ಅದು. ಅಲ್ಲಿನ ಚಳಿಗಾಲದಲ್ಲಿ ಕಂದಕ ತೋಡಿದರೂ ನೀರು ಹೆಪ್ಪುಗಟ್ಟಿ ಶತ್ರುವಿಗೆ ದಾರಿಯಾಗಿಬಿಡುತ್ತದೆ. ಅದಕ್ಕೇ ಎರಡು ಸರೋವರಗಳ ನಡುವೆ ನೀರು ರಭಸದಿಂದ ಹರಿಯುವ ಇಕ್ಕಟ್ಟಿನ ಜಾಗ ತುಂಬ ಒಳ್ಳೆಯ ಆಯ್ಕೆ. ಫೆಬ್ರವರಿಯಲ್ಲಿ ನಾನು ಹೋದಾಗ ಸುತ್ತಲ ಸರೋವರವೆಲ್ಲ ಬೆಳ್ಳಗೆ ಗಟ್ಟಿಯಾಗಿತ್ತು. ಕೋಟೆಯ ಬುಡದಲ್ಲಿ ಮಾತ್ರ ಕಪ್ಪು ನೀರು ಹರಿಯುತ್ತಲೇ ಇತ್ತು. ಬಾತುಕೋಳಿಗಳು ಅದರಲ್ಲಿ ಈಜುತ್ತಿದ್ದವು.