ಗಾರ್ಡನ್ ಟ್ರ್ಯಾಕ್ಟರ್‌ಗೆ ಬ್ಲೇಡ್ ಒಳ್ಳೆಯದೋ, ಸ್ನೋ ಬ್ಲೋವರ್ ಒಳ್ಳೆಯದೋ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಹತ್ತಿರ ಮನೆ ತಗೊಂಡಿದ್ದೇವೆ. ಡ್ರೈವ್‌ವೇ ನೂರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಹುಲ್ಲು ಕತ್ತರಿಸೋಕೆ ಗಾರ್ಡನ್ ಟ್ರ್ಯಾಕ್ಟರ್ ಇದೆ. ಚಳಿಗಾಲಕ್ಕೆ ಅದರ ಮುಂದೆ ಹಿಮ ತಳ್ಳೋ ಬ್ಲೇಡ್ ಹಾಕಿಸಬೇಕೋ, ಹಿಮ ಎತ್ತಿ ಎಸೆಯೋ ಸ್ನೋ ಬ್ಲೋವರ್ ಹಾಕಿಸಬೇಕೋ?

ಉತ್ತರ: ನಿಮ್ಮ ಊರಿಗೆ ಬ್ಲೋವರೇ ಸರಿ. ಸಾಮಾನ್ಯವಾಗಿ ಎಲ್ಲರೂ ಮೊದಲು ಎಂಜಿನ್ನಿನ ಎಚ್‌ಪಿ ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು, ತೆಗೆದ ಹಿಮವನ್ನು ಎಲ್ಲಿ ಹಾಕುತ್ತೀರಿ ಎಂದು.

ಲೆಕ್ಕ ಹಾಕಿ ನೋಡಿ. ನಿಮ್ಮ ಡ್ರೈವ್‌ವೇ ಮೇಲೆ ಎಂಟು ಇಂಚು ಹಿಮ ಬಿದ್ದರೆ ಅದು 800 ಘನ ಅಡಿ. ಹಗುರವಾದ ಒಣ ಹಿಮವೇ ಆದರೂ ಸುಮಾರು ಎರಡು ಟನ್. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ಸಿರಕ್ಯೂಸ್‌ನಲ್ಲಿ ವರ್ಷಕ್ಕೆ ಸರಾಸರಿ 100 ಇಂಚಿಗೂ ಹೆಚ್ಚು ಬೀಳುತ್ತದೆ. ಕೊರೆಯುವ ಗಾಳಿ ಇನ್ನೂ ಹೆಪ್ಪುಗಟ್ಟದ ಒಂಟಾರಿಯೋ ಸರೋವರದ ಮೇಲೆ ಹಾದು ಬರುವಾಗ ತೇವ ಹೀರಿಕೊಂಡು, ದಡ ದಾಟಿದ ಮೇಲೆ ಸುರಿಸಿಬಿಡುತ್ತದೆ. ಇದೇ ಥರ ಈರೀ ಸರೋವರದ ಕಡೆ, ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ 2022ರ ನವೆಂಬರ್‌ನಲ್ಲಿ ಒಂದೇ ಬಿರುಗಾಳಿಗೆ 80 ಇಂಚಿನಷ್ಟು ಬಿದ್ದಿತ್ತು.

ಬ್ಲೇಡ್ ಹಿಮವನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ಎತ್ತಿ ಎಸೆಯುವುದಿಲ್ಲ. ಡಿಸೆಂಬರ್‌ನಲ್ಲಿ ಅಂಚಿಗೆ ತಳ್ಳಿದ ರಾಶಿ ರಾತ್ರಿ ಕಳೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಟ್ರ್ಯಾಕ್ಟರ್ ತಳ್ಳಿದರೂ ಜಗ್ಗುವುದಿಲ್ಲ. ಮುಂದಿನ ಸಲದ ಹಿಮ ಅದರ ಈಚೆಗೇ ನಿಲ್ಲುತ್ತದೆ. ಹೀಗೆ ಒಂದೊಂದು ಸಲವೂ ಅರ್ಧರ್ಧ ಅಡಿ ಹೋದರೆ ಫೆಬ್ರವರಿ ಹೊತ್ತಿಗೆ ಕಾರಿನ ಬಾಗಿಲು ತೆಗೆಯೋಕೂ ಜಾಗ ಇರುವುದಿಲ್ಲ. ಬ್ಲೋವರ್ ಇಪ್ಪತ್ತು ಅಡಿ ಆಚೆ ಹುಲ್ಲಿನ ಮೇಲೆ ಎಸೆಯುವುದರಿಂದ ಅಂಚು ಅಂಚಾಗಿಯೇ ಉಳಿಯುತ್ತದೆ.

ನೀವು ಇಷ್ಟು ಹಿಮ ಬೀಳದ ನ್ಯೂಜೆರ್ಸಿಯಲ್ಲಿ ಇದ್ದಿದ್ದರೆ ಬ್ಲೇಡ್ ಸಾಕು ಎನ್ನುತ್ತಿದ್ದೆ. ಬೆಲೆ ಕಡಿಮೆ, ಕೆಡುವ ಭಾಗಗಳು ಕಡಿಮೆ, ನಾಲ್ಕೈದು ಇಂಚಿನ ಹಿಮವನ್ನು ಬ್ಲೋವರಿಗಿಂತ ಬೇಗ ತೆಗೆಯುತ್ತದೆ. ಆದರೆ ಅಳತೆ ನೋಡಿಕೊಳ್ಳಬೇಕು: 48 ಇಂಚಿನ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ತೆರವಾಗುವ ದಾರಿ 42 ಇಂಚೂ ಇಲ್ಲ. ಹಿಂದಿನ ಚಕ್ರಗಳು ಅದಕ್ಕಿಂತ ಅಗಲವಿದ್ದರೆ ತೆಗೆಯದ ಹಿಮದ ಮೇಲೇ ಓಡಿ ಜಾರುತ್ತವೆ.

ಈಗ ನಿಮ್ಮ ಟ್ರ್ಯಾಕ್ಟರ್ ವಿಷಯ. ಅದು ನಿಜಕ್ಕೂ ಗಾರ್ಡನ್ ಟ್ರ್ಯಾಕ್ಟರೋ, ಬರೀ ಲಾನ್ ಟ್ರ್ಯಾಕ್ಟರೋ ಎಂದು ಖಾತ್ರಿ ಮಾಡಿಕೊಳ್ಳಿ. ಅಂಗಡಿಯವರು ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುತ್ತಾರೆ. ಲಾನ್ ಟ್ರ್ಯಾಕ್ಟರಿನ ಫ್ರೇಮು, ಟ್ರಾನ್ಸ್‌ಆಕ್ಸಲ್ (ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಗೇರು, ಆಕ್ಸಲ್‌ಗಳ ಜೋಡಣೆ) ಹುಲ್ಲು ಕತ್ತರಿಸುವಷ್ಟಕ್ಕೇ ಮಾಡಿದವು. ಚಳಿಗಾಲವಿಡೀ ಹಿಮದ ಕೆಲಸಕ್ಕೆ ಹಚ್ಚಿದರೆ ಟ್ರಾನ್ಸ್‌ಆಕ್ಸಲ್ ಬಿಸಿಯಾಗಿ ಸೋಲುತ್ತದೆ. ಯಾವ ಅಟ್ಯಾಚ್‌ಮೆಂಟ್ ಒಪ್ಪುತ್ತದೆ ಎಂದು ಮ್ಯಾನ್ಯುವಲ್ಲಿನಲ್ಲೇ ಇರುತ್ತದೆ. ಅದರಲ್ಲಿಲ್ಲದ್ದನ್ನು ಯಾರು ಎಷ್ಟೇ ಧೈರ್ಯ ಹೇಳಿದರೂ ಹಾಕಿಸಬೇಡಿ. ಹಳೆಯ ಬ್ಲೋವರ್ ಕೊಳ್ಳುವುದಾದರೆ ನಿಮ್ಮ ಮಾಡೆಲ್ಲಿಗೆ ಹೊಂದುವ ಮೌಂಟ್ ಮತ್ತು ಬೆಲ್ಟ್ ಅದರ ಜೊತೆಗೇ ಬರುತ್ತವೆಯೇ ಎಂದು ಕೇಳಿ. ಅವನ್ನು ಬೇರೆಯಾಗಿ ಹುಡುಕುತ್ತಾ ಹೋದರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ.

ಎರಡು ಹಂತದ ಬ್ಲೋವರನ್ನೇ ತಗೊಳ್ಳಿ. ಮುಂದಿರುವ ಆಗರ್ ಎಂಬ ಸುರುಳಿ ಅಲಗು ಹಿಮವನ್ನು ಕೊರೆದು ಒಳಗೆಳೆದರೆ, ಅದರ ಹಿಂದಿರುವ ಇಂಪೆಲರ್ ಎಂಬ ರೆಕ್ಕೆಚಕ್ರ ಅದನ್ನು ಚೂಟ್ ಎಂಬ ಕೊಳವೆಯಿಂದ ಹೊರಗೆಸೆಯುತ್ತದೆ. ಇದರ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಹಾಗಾಗಿ ಹಿಂಬದಿಗೆ ತೂಕ, ಟೈರಿಗೆ ಚೈನು, ಎರಡೂ ಬೇಕು. ಈ ಖರ್ಚನ್ನು ಬ್ಲೋವರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಎಲ್ಲಕ್ಕಿಂತ ಕಷ್ಟದ ಜಾಗ ಡ್ರೈವ್‌ವೇ ರಸ್ತೆಗೆ ಸೇರುವ ಬಾಯಿ. ನೀವು ಎಲ್ಲ ತೆಗೆದು ಮುಗಿಸುವಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ಊರಿನ ಪ್ಲೋ ಲಾರಿ ಬಂದು ಉಪ್ಪು ಬೆರೆತ ಗಡ್ಡೆಗಳನ್ನು ಅಲ್ಲಿಗೇ ತಳ್ಳಿ ಹೋಗಿರುತ್ತದೆ. ಅದರೊಳಗೆ ಹೂತುಹೋದ ಪೇಪರ್ ಕಟ್ಟೋ, ಸೌದೆ ತುಂಡೋ ಆಗರಿಗೆ ಸಿಕ್ಕಿಕೊಂಡರೆ ಅದನ್ನು ಅದರ ದಂಡಕ್ಕೆ ಹಿಡಿದಿಡುವ ಶಿಯರ್ ಪಿನ್ ಮುರಿಯುತ್ತದೆ. ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ಮುರಿದರೆ ಗೇರ್‌ಬಾಕ್ಸ್ ಉಳಿಯುತ್ತದೆ. ಕಂಪನಿಯ ಪಿನ್ನುಗಳನ್ನೇ ನಾಲ್ಕು ಹೆಚ್ಚಿಗೆ ಇಟ್ಟುಕೊಳ್ಳಿ. ಪದೇ ಪದೇ ಮುರಿಯುತ್ತದೆಂದು ಅಲ್ಲಿ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಪೆಟ್ಟು ಗೇರ್‌ಬಾಕ್ಸಿಗೇ.

ಒದ್ದೆ ಹಿಮ ಚೂಟಿನಲ್ಲಿ ಕಟ್ಟಿಕೊಂಡರೆ ದಯವಿಟ್ಟು ಕೈ ಹಾಕಬೇಡಿ. ಎಂಜಿನ್ ಆರಿಸಿ, ಕೀ ತೆಗೆದು, ಎಲ್ಲ ನಿಂತ ಮೇಲೆ ಕೋಲಿನಿಂದಲೇ ಬಿಡಿಸಿ. ಎಂಜಿನ್ ನಿಂತಿದ್ದರೂ ಒಳಗೆ ಬಿಗಿಹಿಡಿದ ಬಲ ಇರುತ್ತದೆ. ಅಡ್ಡ ಬಿಡಿಸಿದ ತಕ್ಷಣ ಆಗರ್ ಒಂದಿಷ್ಟು ತಿರುಗಬಹುದು. ಬೆರಳು ಹೋಗೋಕೆ ಅಷ್ಟೇ ಸಾಕು.

ಡ್ರೈವ್‌ವೇ ಜಲ್ಲಿಯದಾದರೆ ಬ್ಲೋವರಿನ ಎರಡು ಬದಿ ನೆಲಕ್ಕೆ ತಾಗುವ ಸ್ಕಿಡ್ ಶೂಗಳನ್ನು ಹೊಂದಿಸಿ ಬ್ಲೋವರನ್ನು ನೆಲದಿಂದ ಒಂದಿಂಚು ಎತ್ತರಿಸಿ. ಇಲ್ಲದಿದ್ದರೆ ಜಲ್ಲಿಯೂ ಹಾರುತ್ತದೆ. ಟ್ರ್ಯಾಕ್ಟರಿನ ಕೆಳಗಿನ ಹುಲ್ಲು ಕತ್ತರಿಸುವ ಭಾಗ, ಅಂದರೆ ಮೋವರ್ ಡೆಕ್, ಬಿಚ್ಚಿ ಬ್ಲೋವರ್ ಜೋಡಿಸುವ ಕೆಲಸವನ್ನು ಅಕ್ಟೋಬರ್ ಕೊನೆಗೇ ಮುಗಿಸಿಬಿಡಿ. ಡ್ರೈವ್‌ವೇ ಇಕ್ಕೆಲದಲ್ಲೂ ಗುರುತಿನ ಕಡ್ಡಿಗಳನ್ನು ಆಗಲೇ ನೆಡಿ, ನೆಲ ಹೆಪ್ಪುಗಟ್ಟಿದ ಮೇಲೆ ಅವು ಇಳಿಯುವುದಿಲ್ಲ.