ಪದ ಪರಿಚಯ: ಸ್ಟಿಮ್ಯುಲಸ್ ಅಂದ್ರೆ ಎಂತ?

ಪೇಪರಲ್ಲಿ "ಉತ್ತೇಜನ ಪ್ಯಾಕೇಜ್" ಅಂತ ಬರ್ತದಲ್ಲ, ಅದೇ ಸ್ಟಿಮ್ಯುಲಸ್. ಲ್ಯಾಟಿನ್ ಪದ, ಎತ್ತುಗಳನ್ನು ಚುಚ್ಚಿ ಓಡಿಸುವ ಕೋಲಿಗೆ ಹಾಗೆ ಹೇಳ್ತಿದ್ರು. ನಮ್ಮ ಕಂಬಳದ ಬೆತ್ತ ಅಂತ ಇಟ್ಕೊಳ್ಳಿ (ಬೆತ್ತ ಬೇಕಾ ಬೇಡ್ವಾ ಅನ್ನುವ ಜಗಳ ಈಗ ಬೇಡ). ಕರೆಯ (ಕೋಣ ಓಡುವ ಕೆಸರು ಗದ್ದೆಯ) ನಡುವಲ್ಲಿ ನಿಂತುಬಿಟ್ಟ ಕೋಣ ಅಂದ್ರೆ ಆರ್ಥಿಕ ಹಿಂಜರಿತ, ಬೆತ್ತ ಹಿಡಿದವರು ಸರಕಾರ, ಬೆತ್ತ ಅಂದ್ರೆ ವ್ಯಾಪಾರ ಓಡಲಿ ಅಂತ ಸರಕಾರ ಹಾಕುವ ದುಡ್ಡು.

ಕೋಣ ಯಾಕೆ ನಿಲ್ತದೆ ಅನ್ನುದೇ ಇದರಲ್ಲಿ ಮಜಾ ಇರುವ ವಿಷಯ, ಅದೂ ನಮ್ಮ ಉಡುಪಿ ಮಂಗಳೂರಿನವರಿಗೆ ಒಪ್ಪಿಕೊಳ್ಳಲಿಕ್ಕೆ ಸ್ವಲ್ಪ ಕಷ್ಟ. ಯಾಕಂದ್ರೆ ನಾವು ಪಿಗ್ಮಿ ಊರಿನವರು ಮಾರಾಯ್ರೆ. 1928ರಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕು ಮನೆ ಬಾಗಿಲಿಗೇ ಬಂದು ದಿನಕ್ಕೆ 2 ಆಣೆಯಿಂದ ಕಲೆಕ್ಷನ್ ಶುರು ಮಾಡಿದ್ದು, ಅದೇ ಪಿಗ್ಮಿ. ದುಡ್ಡು ಉಳಿಸಿದವ ಜಾಣ ಅಂತಲೇ ನಾವು ಕಲಿತದ್ದು. ಅದು ಸರಿಯೇ, ಆದ್ರೆ ಕೆಲಸ ಹೋಗ್ಬಹುದು ಅನ್ನುವ ಹೆದರಿಕೆಗೆ ಎಲ್ಲರೂ ಒಟ್ಟಿಗೇ ಕೈ ಬಿಗಿ ಹಿಡಿದ್ರೆ ಎಂತ ಆಗ್ತದೆ ನೋಡಿ, ನಾನು ಹೋಟೆಲಿಗೆ ಹೋಗುದು ಬಿಡ್ತೇನೆ, ಹೋಟೆಲಿನವ ಬಂಗುಡೆ ತಕೊಳ್ಳುದು ಕಮ್ಮಿ ಮಾಡ್ತಾನೆ, ಮೀನಿನ ಅಕ್ಕ ಮಗಳಿಗೆ ಹೊಸ ಬಟ್ಟೆ ಆಮೇಲೆ ನೋಡುವ ಅಂತಾರೆ, ಬಟ್ಟೆ ಅಂಗಡಿಯವ ಒಬ್ಬ ಹುಡುಗನನ್ನು ಕೆಲಸದಿಂದ ತೆಗೀತಾನೆ, ಆ ಹುಡುಗ ನನ್ನ ಅಂಗಡಿಗೇ ಬರ್ತಿದ್ದ ಗಿರಾಕಿ. ಯಾರದ್ದೂ ತಪ್ಪಿಲ್ಲ. ನನ್ನ ಖರ್ಚು ಇನ್ನೊಬ್ಬರ ಸಂಪಾದನೆ, ಅಷ್ಟೇ. ಕೇನ್ಸ್ ಅನ್ನುವ ಅರ್ಥಶಾಸ್ತ್ರಜ್ಞ 1936ರಲ್ಲಿ ಹೇಳಿದ್ದರ ತಿರುಳು ಇದು: ಎಲ್ಲರೂ ಖರ್ಚು ನಿಲ್ಲಿಸಿದಾಗ ಸರಕಾರವಾದ್ರೂ ಸಾಲ ಮಾಡಿ ಖರ್ಚು ಮಾಡ್ಬೇಕು.

ಇಲ್ಲಿ "ಮಲ್ಟಿಪ್ಲಯರ್" ಅಂತ ಒಂದು ಲೆಕ್ಕ ಬರ್ತದೆ. ಕೈಗೆ ಬಂದ ದುಡ್ಡಲ್ಲಿ ಪ್ರತಿಯೊಬ್ಬರೂ ಶೇ. 80 ಖರ್ಚು ಮಾಡ್ತಾರೆ ಅಂತ ಇಟ್ರೆ, 1000 ರೂಪಾಯಿ ಮುಂದಿನವನಿಗೆ 800, ಅವನಿಂದ 640, ಹಾಗೇ ಹೋಗಿ ಹೋಗಿ ಒಟ್ಟು 5000 ರೂಪಾಯಿಯ ವ್ಯಾಪಾರ. ಪುಸ್ತಕದಲ್ಲಿ ಮಾತ್ರ. ನಿಜದಲ್ಲಿ ಟ್ಯಾಕ್ಸ್, ಇಎಂಐ, ಚೈನಾದ ಮೊಬೈಲು ಅಂತ ದಾರಿಯಲ್ಲೇ ಸೋರಿ ಹೋಗ್ತದೆ. 2008ರಲ್ಲಿ ಅಮೆರಿಕದಲ್ಲಿ ಒಬ್ಬೊಬ್ಬರಿಗೆ 600 ಡಾಲರ್ ತನಕ ಕೊಟ್ರು, ಸರ್ವೆಯಲ್ಲಿ ಕೇಳಿದ್ರೆ ಹೆಚ್ಚಿನಂಶ ಖರ್ಚು ಮಾಡ್ತೇವೆ ಅಂದವರು ಐದರಲ್ಲಿ ಒಬ್ಬರು, ಉಳಿದವರಲ್ಲಿ ಜಾಸ್ತಿ ಜನ ಸಾಲ ತೀರಿಸ್ತೇವೆ ಅಂದ್ರು. ಅವರೂ ಪಿಗ್ಮಿ ಪಾರ್ಟಿಯೇ!

ನಮ್ಮಲ್ಲಿ 2020ರ ಏಪ್ರಿಲ್-ಜೂನಲ್ಲಿ ಜಿಡಿಪಿ (ದೇಶದ ಒಟ್ಟು ಉತ್ಪಾದನೆ) ಸುಮಾರು ಶೇ. 24 ಬಿತ್ತು, ಮುಂದಿನ ಮೂರು ತಿಂಗಳೂ ಇಳಿಕೆಯೇ. ಸಾಲಾಗಿ ಎರಡು ತ್ರೈಮಾಸಿಕ ಇಳಿದ್ರೆ ಹಿಂಜರಿತ ಅನ್ನುದು ವಾಡಿಕೆ. ಆತ್ಮನಿರ್ಭರ ಪ್ಯಾಕೇಜ್ 20 ಲಕ್ಷ ಕೋಟಿ ಅಂತ ದೊಡ್ಡ ಸುದ್ದಿ ಆಯ್ತು, ಆದ್ರೆ ಅದರಲ್ಲಿ ಸಾಲದ ಗ್ಯಾರಂಟಿ, ರಿಸರ್ವ್ ಬ್ಯಾಂಕಿನ ಕ್ರಮಗಳು ಎಲ್ಲ ಸೇರಿದ್ದು, ಸೀದಾ ಕೈಗೆ ಬಂದ ನಗದು ಅಂದ್ರೆ ಜನಧನ್ ಖಾತೆ ಇದ್ದ ಹೆಂಗಸರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು, ಅಂಥದ್ದೇ ಇನ್ನು ಕೆಲವು. ಗಿರಾಕಿಯೇ ಇಲ್ಲದ ಅಂಗಡಿಯವನಿಗೆ ಸಾಲ ಕೊಟ್ರೆ ಅವ ಅದನ್ನು ಎಂತ ಮಾಡುದು? ನನ್ನ ತಕರಾರು ಅದೇ.

ಅದೇ ವರ್ಷ ಅಕ್ಟೋಬರಲ್ಲಿ ಮಾತ್ರ ಸ್ವಲ್ಪ ಚಾಲಾಕಿತನ ಮಾಡಿದ್ರು. ಕೇಂದ್ರ ಸರಕಾರಿ ನೌಕರರಿಗೆ 10,000 ರೂಪಾಯಿ ಹಬ್ಬದ ಅಡ್ವಾನ್ಸು, ಬಡ್ಡಿ ಇಲ್ಲ, ಹತ್ತು ಕಂತಲ್ಲಿ ವಾಪಸ್, ಆದ್ರೆ ರುಪೇ ಕಾರ್ಡಲ್ಲಿ, 2021ರ ಮಾರ್ಚ್ 31ರೊಳಗೆ ಖರ್ಚು ಮಾಡ್ಬೇಕು. ಎಲ್‌ಟಿಸಿ (ರಜೆಯಲ್ಲಿ ಪ್ರವಾಸಕ್ಕೆ ಅಂತ ಸರಕಾರ ನೌಕರರಿಗೆ ಕೊಡುವ ಭತ್ಯೆ) ದುಡ್ಡಿಗೂ ಹಾಗೆಯೇ, ಶೇ. 12 ಅಥವಾ ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಇರುವ ಸಾಮಾನನ್ನೇ ತಕೊಳ್ಬೇಕು. ದುಡ್ಡು ಎಫ್‌ಡಿಗೆ ಹೋಗಿ ಮಲಗಬಾರ್ದು ಅಂತ ಈ ಉಪಾಯ. ನಮ್ಮ ಚಿಕ್ಕಪ್ಪ ಏನು ಮಾಡಿದ್ರು ಅಂದ್ರೆ, ಹೇಗೂ ತಕೊಳ್ಬೇಕಿದ್ದ ಮಿಕ್ಸಿಯನ್ನು ಆ ಕಾರ್ಡಲ್ಲಿ ತಕೊಂಡು, ಅದಕ್ಕೆ ಅಂತ ಇಟ್ಟಿದ್ದ ಸ್ವಂತ ದುಡ್ಡನ್ನು ಎಫ್‌ಡಿಗೆ ಹಾಕಿದ್ರು.

ಇನ್ನು, ಬೆತ್ತ ಯಾವಾಗಲೂ ಕೆಲಸ ಮಾಡುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರ್ತದಲ್ಲ, ಆಗ ಎಲ್ಲರ ಕೈಗೂ ಸಾವಿರ ಸಾವಿರ ಕೊಟ್ರೆ ಮಲ್ಪೆ ಬಂದರಿಗೆ ಮೀನು ಜಾಸ್ತಿ ಬರ್ತದಾ? ರೇಟು ಮಾತ್ರ ಏರ್ತದೆ. ಅಮೆರಿಕದಲ್ಲಿ 2020-21ರಲ್ಲಿ 1200, 600, 1400 ಡಾಲರ್ ಅಂತ ಮೂರು ಸಲ ಚೆಕ್ ಬಂತು, ಆಗ ಸಾಮಾನಿನ ಸಪ್ಲೈ ಬೇರೆ ಹಾಳಾಗಿತ್ತು, ಉಕ್ರೇನ್ ಯುದ್ಧವೂ ಸೇರಿತು, 2022ರ ಜೂನಲ್ಲಿ ಹಣದುಬ್ಬರ ಶೇ. 9.1. ಚೆಕ್ ಒಂದೇ ಕಾರಣ ಅಲ್ಲ, ಆದ್ರೆ ಅದಕ್ಕೂ ಪಾಲುಂಟು.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಸಿದ್ದನ್ನೂ ಕೆಲವರು ಸ್ಟಿಮ್ಯುಲಸ್ ಅಂದ್ರು. ಆಗ ದೇಶದಲ್ಲಿ ಹಿಂಜರಿತ ಇರ್ಲಿಲ್ಲ, ಓಡ್ತಿದ್ದ ಕೋಣಕ್ಕೇ ಒಂದು ಏಟು.