ಹಿಡಿದ ಉಗ್ರನನ್ನು ಮೇಜರ್ ಎಷ್ಟು ಹೊತ್ತು ತನ್ನ ಬಳಿ ಇಟ್ಟುಕೊಳ್ಳಬಹುದು?

ಓದುಗರ ಪ್ರಶ್ನೆ: ಮಣಿಪುರದ ಹಿನ್ನೆಲೆಯಲ್ಲಿ ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕ ಸೇನೆಯ ಮೇಜರ್. ಬಂಡುಕೋರನೊಬ್ಬನನ್ನು ಹಿಡಿದು, ಶಿಬಿರದಲ್ಲಿ ಹತ್ತು ದಿನ ವಿಚಾರಣೆ ಮಾಡಿ ಬಾಂಬ್ ಸಂಚನ್ನು ಬಯಲಿಗೆಳೆಯುತ್ತಾನೆ. ಇದು ನಂಬುವಂತಿದೆಯೇ?

ಉತ್ತರ: ಹಿಡಿಯುವವರೆಗೆ ನಂಬಬಹುದು. ಆಮೇಲಿನ ಹತ್ತು ದಿನ ನಂಬುವುದು ಕಷ್ಟ. ಹಾಗೆ ಇಟ್ಟುಕೊಂಡರೆ ನಿಮ್ಮ ನಾಯಕ ಕಾನೂನು ಮುರಿದ ಹಾಗೆ, ಮತ್ತು ಆ ಸಂಗತಿ ಕಾದಂಬರಿಗೆ ಗೊತ್ತಿರಬೇಕು.

ಮೊದಲು ಜಾಗ ನೋಡಿಕೊಳ್ಳಿ. ಸೇನೆಗೆ ಬಂಧಿಸುವ ಅಧಿಕಾರ ಬರುವುದು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಿಂದ, ಎಲ್ಲರ ಬಾಯಲ್ಲಿರುವ ಆಫ್‌ಸ್ಪಾದಿಂದ. ಅದು ‘ಪ್ರಕ್ಷುಬ್ಧ ಪ್ರದೇಶ’ ಎಂದು ಘೋಷಣೆಯಾದ ಕಡೆ ಮಾತ್ರ ನಡೆಯುತ್ತದೆ. ಮಣಿಪುರದಲ್ಲಿ ಇಂಫಾಲ ಪುರಸಭೆಯ ವ್ಯಾಪ್ತಿಯನ್ನು 2004ರ ಆಗಸ್ಟ್‌ನಲ್ಲಿ ಘೋಷಣೆಯಿಂದ ಹೊರಗಿಟ್ಟರು. 2022ರಲ್ಲಿ ಇನ್ನಷ್ಟು ಠಾಣೆಗಳ ವ್ಯಾಪ್ತಿಯನ್ನು ಬಿಟ್ಟರು, 2024ರಲ್ಲಿ ಅವುಗಳಲ್ಲಿ ಕೆಲವನ್ನು ಮತ್ತೆ ಸೇರಿಸಿದರು. ಹೀಗಾಗಿ ನಿಮ್ಮ ಮೇಜರ್ ಬಾಗಿಲು ತಟ್ಟುವ ಮನೆ ಯಾವ ಠಾಣೆಗೆ ಸೇರಿದ್ದು, ಇಸವಿ ಯಾವುದು ಎಂಬುದರ ಮೇಲೆ ಇಡೀ ದೃಶ್ಯ ನಿಂತಿದೆ.

ಕಾಯ್ದೆಯ 4ನೇ ಕಲಮು ವಾರಂಟ್ ಇಲ್ಲದೆ ಬಂಧಿಸಲು, ಮನೆ ಹೊಕ್ಕು ಶೋಧಿಸಲು, ಎಚ್ಚರಿಕೆ ಕೊಟ್ಟ ಮೇಲೆ ಪ್ರಾಣ ಹೋಗುವ ಮಟ್ಟಿಗೂ ಬಲ ಬಳಸಲು ಬಿಡುತ್ತದೆ. ಇದಕ್ಕೆ ಮೇಜರನೇ ಬೇಕೆಂದಿಲ್ಲ. ತುಕಡಿಯ ನಾಯಕ್ ಅಥವಾ ಹವಾಲ್ದಾರನಿಗೂ ಈ ಅಧಿಕಾರ ಉಂಟು, ಬರೀ ಸಿಪಾಯಿಗೆ ಇಲ್ಲ. ಮೇಜರ್ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಮಂದಿಯ ಕಂಪನಿಯ ಕಮಾಂಡರ್. ಎಲ್ಲ ಮನೆಗೂ ಅವನೇ ನುಗ್ಗುವುದಿಲ್ಲ.

ಗಂಟು ಇರುವುದು 5ನೇ ಕಲಮಿನಲ್ಲಿ. ಬಂಧಿತನನ್ನು ‘ಆದಷ್ಟು ಬೇಗ’ ಹತ್ತಿರದ ಠಾಣೆಗೆ, ಬಂಧನದ ಸಂದರ್ಭದ ವರದಿಯೊಡನೆ ಒಪ್ಪಿಸಬೇಕು. ಎಷ್ಟು ಬೇಗ ಎಂಬುದನ್ನು ಸುಪ್ರೀಂ ಕೋರ್ಟ್ 1997ರಲ್ಲಿ ಕಾಯ್ದೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿ ಬಿಡಿಸಿ ಹೇಳಿತು: ಪ್ರಯಾಣದ ಹೊತ್ತು ಕಳೆದು 24 ಗಂಟೆಯೊಳಗೆ ಅವನು ಮ್ಯಾಜಿಸ್ಟ್ರೇಟರ ಮುಂದಿರಬೇಕು. ಸೇನೆಯ ‘ಮಾಡಬೇಕಾದ್ದು, ಮಾಡಬಾರದ್ದು’ ಪಟ್ಟಿಯನ್ನೂ ಅದೇ ತೀರ್ಪು ಕಡ್ಡಾಯಗೊಳಿಸಿತು. ಅದನ್ನು ಓದಿದರೆ ನಿಮ್ಮ ಹತ್ತು ದಿನ ಅಲ್ಲೇ ಕುಸಿಯುತ್ತದೆ. ಬಂಧಿಸಿದ ಮೇಲೆ ಸೈನಿಕರು ವಿಚಾರಣೆ ಮಾಡುವಂತಿಲ್ಲ. ತಾವಾಗಿ ಬಿಟ್ಟುಕಳಿಸುವಂತೆಯೂ ಇಲ್ಲ, ಬಿಡುವುದಿದ್ದರೂ ನಾಗರಿಕ ಆಡಳಿತದ ಮೂಲಕವೇ ಬಿಡಬೇಕು. ಪೊಲೀಸರಿಗೆ ಒಪ್ಪಿಸಿದವನನ್ನು ಮತ್ತೆ ವಾಪಸು ಪಡೆಯುವಂತಿಲ್ಲ. ಸಿಕ್ಕ ಬಂದೂಕು, ಗುಂಡುಗಳನ್ನು ಜಪ್ತಿ ಪಟ್ಟಿಯೊಂದಿಗೆ ಕೊಡಬೇಕು. ಹೆಂಗಸರನ್ನು ಮಹಿಳಾ ಪೊಲೀಸರೇ ಶೋಧಿಸಬೇಕು.

ತಪ್ಪು ನಡೆಯುವುದು ಈ ಬಂಧನ ಮತ್ತು ಠಾಣೆಯ ನಡುವಿನ ಹೊತ್ತಿನಲ್ಲೇ. 2004ರ ಜುಲೈನಲ್ಲಿ ಅರೆಸೇನಾ ಪಡೆಯಾದ ಅಸ್ಸಾಂ ರೈಫಲ್ಸ್‌ನವರು ತಂಗಜಂ ಮನೋರಮಾ ಅವರನ್ನು ರಾತ್ರಿ ಮನೆಯಿಂದ ಒಯ್ದಾಗ ಮನೆಯವರ ಕೈಗೆ ಬಂಧನದ ಚೀಟಿಯನ್ನೂ ಕೊಟ್ಟಿದ್ದರು. ಬೆಳಗಾದ ಮೇಲೆ ಸಿಕ್ಕಿದ್ದು ಗುಂಡೇಟು ಬಿದ್ದ ಶವ. ಕೆಲವೇ ದಿನಗಳಲ್ಲಿ ಹನ್ನೆರಡು ತಾಯಂದಿರು, ಆಗ ಆ ಪಡೆಯ ನೆಲೆಯಾಗಿದ್ದ ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ವಿವಸ್ತ್ರರಾಗಿ ಪ್ರತಿಭಟಿಸಿದರು. ಮಣಿಪುರದ ಬಗ್ಗೆ ಬರೆಯುವವರು ಆ ಕೆಲವು ಗಂಟೆಗಳನ್ನು ಹಗುರವಾಗಿ ದಾಟಬಾರದು. ಬಂಧಿತನ ತಾಯಿಯೋ ಹೆಂಡತಿಯೋ ಆ ಚೀಟಿ ಹಿಡಿದು ಠಾಣೆಯಿಂದ ಠಾಣೆಗೆ ಅಲೆಯುವುದನ್ನು, ಮೇಜರನ ಕೆಲಸದಷ್ಟೇ ಹತ್ತಿರದಿಂದ ಬರೆಯಿರಿ.

ಹಾಗಾದರೆ ಸಂಚು ಬಯಲಾಗುವುದು ಹೇಗೆ? ವಿಚಾರಣೆಯನ್ನು ಠಾಣೆಗೆ ಸಾಗಿಸಿ. ಭಯೋತ್ಪಾದನೆ ತಡೆಯುವ ಕಾಯ್ದೆಯಾದ ಯುಎಪಿಎ ಅಡಿ ಪ್ರಕರಣ ದಾಖಲಾದರೆ ನ್ಯಾಯಾಲಯ 30 ದಿನಗಳವರೆಗೂ ಪೊಲೀಸ್ ವಶಕ್ಕೆ ಕೊಡಬಹುದು, ಅಂದರೆ ಹತ್ತು ದಿನ ಧಾರಾಳವಾಗಿ ಸಿಗುತ್ತದೆ. ಆದರೆ ಕೀಲಿಕೈ ಮೇಜರನ ಕೈತಪ್ಪಿ ತನಿಖಾಧಿಕಾರಿಯ ಕೈಸೇರುತ್ತದೆ. ಮಾಹಿತಿಗಾಗಿ ಮೇಜರ್ ಆ ಅಧಿಕಾರಿಯ ಮನವೊಲಿಸಬೇಕು, ಆತನಿಗೆ ತನ್ನದೇ ಊರು, ಜನ, ಭಯಗಳಿರುತ್ತವೆ. ನಮ್ಮ ಲೆಕ್ಕದಲ್ಲಿ ಶಿಬಿರದ ಕತ್ತಲೆ ಕೋಣೆಗಿಂತ ಈ ಇಬ್ಬರ ನಡುವಿನ ಜಗ್ಗಾಟದಲ್ಲೇ ಹೆಚ್ಚು ಕಥೆಯಿದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬುದೂ ನೆನಪಿರಲಿ. ಅವನ ಹೇಳಿಕೆಯಿಂದ ಬಾಂಬ್ ಸಿಕ್ಕರೆ ಮಾತ್ರ, ಅದಕ್ಕೆ ಸಂಬಂಧಿಸಿದಷ್ಟು ಮಾತು ನ್ಯಾಯಾಲಯದಲ್ಲಿ ನಿಲ್ಲುತ್ತದೆ.

ಹತ್ತು ದಿನ ಶಿಬಿರದಲ್ಲೇ ಬೇಕೆಂದರೆ ಅದರ ಬೆಲೆಯನ್ನೂ ಬರೆಯಿರಿ. ಮನೆಯವರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತನನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ ಹಾಕುತ್ತಾರೆ. ಕಥೆ 2013ರ ಮಾರ್ಚ್‌ಗಿಂತ ಹಿಂದಿನದಾದರೆ ಅರ್ಜಿ ಹೋಗುವುದು ಗುವಾಹಟಿ ಹೈಕೋರ್ಟಿನ ಇಂಫಾಲ ಪೀಠಕ್ಕೆ, ಆಮೇಲಾದರೆ ಮಣಿಪುರ ಹೈಕೋರ್ಟಿಗೆ. 6ನೇ ಕಲಮಿನ ಪ್ರಕಾರ ಕೇಂದ್ರದ ಅನುಮತಿಯಿಲ್ಲದೆ ಮೇಜರನ ಮೇಲೆ ಮೊಕದ್ದಮೆ ನಡೆಸಲಾಗದು, ನಿಜ. ಆದರೆ ಮಣಿಪುರದ 1,528 ಸಾವುಗಳ ಕುರಿತ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ, ಸೈನಿಕರಿಗೆ ಸಂಪೂರ್ಣ ರಕ್ಷಣೆ ಎಂಬುದಿಲ್ಲ ಎಂದಿತು. 2016ರ ನಂತರದ ಮೇಜರ್ ಸಹಿ ಹಾಕುವಾಗ ಇದು ಅವನ ತಲೆಯಲ್ಲಿರುತ್ತದೆ.

ಬೆನ್ನಟ್ಟುವ ದೃಶ್ಯವನ್ನು ಬೆಂಗಳೂರಿಗೆ ತರುವುದಾದರೆ, ಇಲ್ಲಿ ಆಫ್‌ಸ್ಪಾ ಇಲ್ಲ, ಮೇಜರನ ಆ ಅಧಿಕಾರವೂ ಇಲ್ಲ. ಬಂಧಿಸಬೇಕಾದವರು ಮಣಿಪುರದ ಪೊಲೀಸರು ಇಲ್ಲವೇ ಕೇಂದ್ರದ ತನಿಖಾ ಸಂಸ್ಥೆಯಾದ ಎನ್‌ಐಎ. ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಟ್ರಾನ್ಸಿಟ್ ರಿಮಾಂಡ್, ಅಂದರೆ ಬೇರೆ ರಾಜ್ಯಕ್ಕೆ ಒಯ್ಯುವ ಅನುಮತಿ ಪಡೆದೇ ಇಂಫಾಲದ ವಿಮಾನ ಹತ್ತಿಸಬೇಕು. ಕಥೆ 2008ಕ್ಕಿಂತ ಹಿಂದಿನದಾದರೆ ಎನ್‌ಐಎ ಹೆಸರು ತೆಗೆದುಬಿಡಿ, ಆ ಸಂಸ್ಥೆ ಇನ್ನೂ ಹುಟ್ಟಿರಲಿಲ್ಲ.